ಗೋಲಿಯ ಪೂರ್ವೋತ್ತರ: ಕಲ್ಲು, ಕಾಯಿ, ಮಣ್ಣು, ಗಾಜು

ಗೋಲಿಯ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಇದನ್ನು ಕಂಡುಹಿಡಿದವರು ಯಾರು ಎಂಬುದು. ಈಜಿಪ್ಟಿನವರು ಎನ್ನುವವರಿದ್ದಾರೆ, ಸಿಂಧೂ ಕಣಿವೆಯವರು ಎನ್ನುವವರಿದ್ದಾರೆ, ರೋಮನ್ನರೇ ಎಂದು ಪಟ್ಟು ಹಿಡಿಯುವವರೂ ಇದ್ದಾರೆ. ಮೂರು ಉತ್ತರಕ್ಕೂ ಅಷ್ಟಿಷ್ಟು ಆಧಾರವಿದೆ, ಆದರೆ ಪ್ರಶ್ನೆಯಲ್ಲೇ ಐಬಿದೆ. ಉರುಟು ಕಲ್ಲು ಹೊಳೆಯ ದಂಡೆಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಅದನ್ನು ಚಿಮ್ಮಲು ಬೆರಳೊಂದಿದ್ದರೆ ಸಾಕು. ಅದಕ್ಕೆ ಯಾರ ಜಾಣತನವೂ ಬೇಕಾಗಿರಲಿಲ್ಲ. ಜಾಣತನ ಬೇಕಾದದ್ದು ಒಂದೇ ಅಳತೆಯ ಗುಂಡುಗಳನ್ನು ಸಾವಿರಗಟ್ಟಲೆ, ಕಾಸಿಗೆ ಹಿಡಿಯಷ್ಟು ಸಿಗುವಂತೆ ಮಾಡುವುದಕ್ಕೆ. ಅದು ಸಾಧ್ಯವಾದದ್ದು ತೀರ ಈಚೆಗೆ. ಆಟಕ್ಕೆ ಸಾವಿರಾರು ವರ್ಷಗಳ ಹಿನ್ನೆಲೆ ಇರಬಹುದು, ಅಂಗಡಿಯ ಡಬ್ಬಿಯಿಂದ ಇವತ್ತು ನಾವು ಎಣಿಸಿ ಕೊಳ್ಳುವ ಬಣ್ಣದ ಗಾಜಿನ ಗೋಲಿಗೆ ಮಾತ್ರ ನೂರು ಚಿಲ್ಲರೆ ವರ್ಷ. ಆಟದ ವಯಸ್ಸನ್ನೂ ವಸ್ತುವಿನ ವಯಸ್ಸನ್ನೂ ಒಂದೇ ಎಂದುಕೊಂಡದ್ದರಿಂದಲೇ ಗೋಲಿಯ ಬಗ್ಗೆ ಓಡಾಡುವ ಕಥೆಗಳಲ್ಲಿ ಅರ್ಧಕ್ಕರ್ಧ ಹುಟ್ಟಿಕೊಂಡಿವೆ.

ಗುಂಡಗಿದ್ದದ್ದೆಲ್ಲ ಗೋಲಿಯಲ್ಲ

ಈಜಿಪ್ಟಿನ ವಾದ ನಿಂತಿರುವುದು ಒಂದು ಗೋರಿಯ ಮೇಲೆ. 1895ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೀಟ್ರಿ ಮೇಲಣ ಈಜಿಪ್ಟಿನ ನಕಾಡಾದಲ್ಲಿ ಅಗೆತ ನಡೆಸಿದಾಗ, ಫೇರೋಗಳ ಕಾಲಕ್ಕಿಂತ ಹಿಂದಿನ ಒಂದು ಮಗುವಿನ ಗೋರಿಯಲ್ಲಿ ಕಲ್ಲಿನ ಒಂಬತ್ತು ಪುಟ್ಟ ಗೂಟಗಳು, ಕೆಲವು ಕಲ್ಲಿನ ಗುಂಡುಗಳು, ಚಿಕ್ಕದೊಂದು ದ್ವಾರವಾಗಿ ಜೋಡಿಸಬಹುದಾದ ಮೂರು ಕಲ್ಲಿನ ಪಟ್ಟಿಗಳು ಸಿಕ್ಕವು. ಇವು ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿವೆ. ದ್ವಾರದ ಮೂಲಕ ಗುಂಡು ಉರುಳಿಸಿ ಆಚೆ ನಿಲ್ಲಿಸಿದ ಗೂಟಗಳನ್ನು ಕೆಡವುವ ಆಟವಿದು ಎಂದು ಪೀಟ್ರಿ ಅರ್ಥಮಾಡಿದ. ವಸ್ತುಗಳು ನಿಜ, ಜೋಡಣೆ ಮಾತ್ರ ಪೀಟ್ರಿಯದು. ಆದರೂ ನಮ್ಮ ಕೈಯಲ್ಲಿರುವ ಹಳೆಯ ಸಾಕ್ಷ್ಯಗಳಲ್ಲಿ ಇದಕ್ಕೆ ಹೆಚ್ಚು ತೂಕ ಕೊಡಬೇಕು. ಗುಂಡುಗಳು ಒಂಟಿಯಾಗಿ ಸಿಗದೆ ಬೇರೆ ಬಿಡಿಭಾಗಗಳ ಜೊತೆ ಸಿಕ್ಕಿವೆ, ಅದೂ ಮಗುವಿನ ಗೋರಿಯಲ್ಲಿ. ಆದರೆ ಅದು ಗೋಲಿಯಾಟವೇ ಎಂದರೆ ತಲೆಯಾಡಿಸುವುದು ಕಷ್ಟ. ಉರುಳಿಸುವ ಆಟಕ್ಕೂ ಬೆರಳಿಂದ ಚಿಮ್ಮುವ ಆಟಕ್ಕೂ ನಂಟಿದೆ, ಎರಡೂ ಒಂದೇ ಅಲ್ಲ.

ಮೊಹೆಂಜೊದಾರೊ, ಹರಪ್ಪಾಗಳಲ್ಲಿ ಕಲ್ಲಿನ, ಸುಟ್ಟ ಜೇಡಿಮಣ್ಣಿನ ಚಿಕ್ಕ ಗುಂಡುಗಳು ಬೇಕಾದಷ್ಟು ಸಿಕ್ಕಿವೆ. ಅವುಗಳಲ್ಲಿ ಕೆಲವನ್ನು ಅಗೆದವರೇ ಗೋಲಿಗಳೆಂದು ಬರೆದುಕೊಂಡರು. ಇಲ್ಲಿ ತೊಡಕು ಹೆಚ್ಚು. ಬೀದಿಯಲ್ಲೋ ಮನೆಯ ಮೂಲೆಯಲ್ಲೋ ಒಂಟಿಯಾಗಿ ಬಿದ್ದ ಮಣ್ಣಿನ ಗುಂಡು ಮಕ್ಕಳದ್ದೂ ಆಗಿರಬಹುದು, ಕವಣೆಯಲ್ಲಿ ಬೀಸುವ ಉಂಡೆಯೂ ಆಗಿರಬಹುದು. 2011ರಲ್ಲಿ ಸ್ವೀಡನ್ನಿನ ಗೋಥನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಎಲ್ಕೆ ರೋಜರ್ಸ್‌ಡಾಟರ್ ಮಂಡಿಸಿದ ಪ್ರಬಂಧ ಈ ಗಂಟನ್ನು ಬಿಡಿಸಲು ಬೇರೆ ದಾರಿ ಹಿಡಿಯಿತು. ಒಂದೊಂದು ವಸ್ತುವನ್ನು ಹಿಡಿದು ಇದೇನು ಎಂದು ಕೇಳುವ ಬದಲು, ಆಟದ ಸಾಮಗ್ರಿ ಊರಿನ ಯಾವ ಯಾವ ಭಾಗದಲ್ಲಿ ಎಷ್ಟೆಷ್ಟು ಸಿಕ್ಕಿದೆ ಎಂದು ಆಕೆ ನೋಡಿದರು. ಮೊಹೆಂಜೊದಾರೊದಲ್ಲಿ ಸಿಕ್ಕ ಹತ್ತು ವಸ್ತುಗಳಲ್ಲಿ ಸುಮಾರು ಒಂದು ಆಟಕ್ಕೆ ಸಂಬಂಧಿಸಿದ್ದು, ಅವು ಕೆಲವೆಡೆ ಗುಂಪುಗುಂಪಾಗಿ ಸಿಗುತ್ತವೆ ಎಂಬುದು ಅವರ ನಿಲುವು. ದಾಳ, ಕಾಯಿಗಳನ್ನೆಲ್ಲ ಸೇರಿಸಿದ ಲೆಕ್ಕವಿದು. ಇದೇ ಲೆಕ್ಕವನ್ನು ತೋರಿಸಿ ಸಿಂಧೂ ಜನ ಗೋಲಿ ಕಂಡುಹಿಡಿದರು ಎನ್ನುವುದು ಅವಸರದ ಮಾತಾಗುತ್ತದೆ.

ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ನವಶಿಲಾಯುಗದ ನೆಲೆಗಳಲ್ಲೂ ಉಂಡೆಗಲ್ಲುಗಳು ಸಿಗುತ್ತವೆ. ಅವು ಹೆಚ್ಚಾಗಿ ಮುಷ್ಟಿ ಗಾತ್ರದವು, ಕುಟ್ಟಿ, ಅರೆದು ಸವೆದು ಗುಂಡಗಾದವು. ಅವನ್ನು ಆಟದ ಲೆಕ್ಕಕ್ಕೆ ಹಾಕಿಕೊಳ್ಳುವಂತಿಲ್ಲ.

ಕಾಯಿಬೀಜದ ಕಾಲ

ರೋಮಿನ ಸಾಕ್ಷ್ಯ ಬರಹದಲ್ಲಿದೆ; ಹಾಗಾಗಿ ಊಹೆಗೆ ಅಷ್ಟು ಎಡೆಯಿಲ್ಲ. ಅಲ್ಲಿನ ಹುಡುಗರು ಅಕ್ರೋಟದಂಥ ಕಾಯಿಗಳನ್ನು ಎಸೆದು, ಉರುಳಿಸಿ, ಗುರಿಯಿಟ್ಟು ಹೊಡೆದು ಆಡುತ್ತಿದ್ದರು. ‘ನುಕ್ಸ್’ ಎಂಬ ಲ್ಯಾಟಿನ್ ಪದ್ಯದಲ್ಲಿ ಇಂಥ ಹಲವು ಆಟಗಳ ವಿವರ ಬರುತ್ತದೆ. ಓವಿಡ್ ಕವಿಯ ಹೆಸರಲ್ಲಿ ಉಳಿದಿರುವ ಈ ಪದ್ಯ ಅವನದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಚಕ್ರವರ್ತಿ ಆಗಸ್ಟಸ್ ಬಿಡುವು ಸಿಕ್ಕಾಗ ಚಿಕ್ಕ ಹುಡುಗರ ಜೊತೆ ಕೂತು ಕಾಯಿ ಆಡುತ್ತಿದ್ದನೆಂದು ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಬಾಲ್ಯ ಕಳೆಯಿತು ಎನ್ನಲು ರೋಮನ್ನರು ಕಾಯಿ ಬಿಟ್ಟ ಎನ್ನುತ್ತಿದ್ದರು.

ಕನ್ನಡನಾಡಿನಲ್ಲಿ ಆ ಕಾಯಿಯ ಜಾಗದಲ್ಲಿದ್ದದ್ದು ಗಜ್ಜುಗ. ಬೇಲಿಸಾಲಿನಲ್ಲಿ ಹಬ್ಬುವ ಮುಳ್ಳುಬಳ್ಳಿ ಇದು; ಕಾಯಿಯ ಮೇಲೂ ಮುಳ್ಳು. ಸಿಪ್ಪೆ ಒಡೆದರೆ ಒಳಗೆ ಒಂದೆರಡು ಬೂದುಬಣ್ಣದ ಬೀಜ, ನುಣ್ಣಗೆ, ಕಲ್ಲಿನಷ್ಟು ಗಟ್ಟಿ. ಹಲ್ಲಿಗಂತೂ ಮಣಿಯುವುದಿಲ್ಲ, ಕಲ್ಲಿಗೂ ಸುಲಭವಾಗಿ ಬಗ್ಗುವುದಿಲ್ಲ. ಪೂರ್ತಿ ಗುಂಡಗಿಲ್ಲದ ಕಾರಣ ಉರುಳುವಾಗ ಓಲಾಡುತ್ತದೆ. ಗುರಿ ಹಿಡಿಯುವವನಿಗೆ ಅದೇ ಸವಾಲು. ಸಿಪ್ಪೆಯೊಳಗೆ ನೀರು ಇಳಿಯದೆ ತೇಲುವ ಈ ಬೀಜ ಸಮುದ್ರದ ಪ್ರವಾಹ ಹಿಡಿದು ಉಷ್ಣವಲಯದ ಕರಾವಳಿಗಳಿಗೆಲ್ಲ ಹರಡಿದೆ. ಕೆರಿಬಿಯನ್ ದ್ವೀಪಗಳಲ್ಲಿ ‘ವಾರಿ’ ಎಂಬ ಗುಳಿಮಣೆ ಆಟಕ್ಕೆ ಇದನ್ನೇ ಬಳಸುತ್ತಾರೆ. ಗಾಜು ಬರುವ ಮುನ್ನ ಹಳ್ಳಿಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಗೋಲಿ ಇರಲಿಲ್ಲ. ಗಾಜು ಬಂದ ಮೇಲೆ ಗಜ್ಜುಗ ನಾಟಿ ಔಷಧಿಯವರ ಚೀಲದಲ್ಲಷ್ಟೇ ಉಳಿಯಿತು.

ಯುರೋಪಿನಲ್ಲಿ ಗೋಲಿಯಾಟದ ಕಣ್ಣಿಗೆ ಕಾಣುವ ಪುರಾವೆ ಬೇಕೆಂದರೆ ಪೀಟರ್ ಬ್ರೂಗೆಲ್ 1560ರಲ್ಲಿ ಬರೆದ ‘ಮಕ್ಕಳ ಆಟಗಳು’ ಚಿತ್ರ ನೋಡಬೇಕು. ವಿಯೆನ್ನಾದ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಸುಮಾರು 80 ಬಗೆಯ ಆಟದಲ್ಲಿ ಮುಳುಗಿದ್ದಾರೆ, ಗೋಲಿಯೂ ಅವುಗಳಲ್ಲೊಂದು.

ಗುಂಡಗೆ ಮಾಡುವ ಕಸುಬು

ಕಲ್ಲನ್ನು ಕೈಯಲ್ಲಿ ಉಜ್ಜಿ ಗುಂಡಗೆ ಮಾಡಲು ಕೂತರೆ ದಿನ ಹಿಡಿಯುತ್ತದೆ. ಆಲ್ಪ್ಸ್ ತಪ್ಪಲಿನ ಜನ ಈ ಕೆಲಸವನ್ನು ನೀರಿಗೆ ವಹಿಸಿದರು. ಜರ್ಮನಿಯ ಬೆರ್ಖ್ಟೆಸ್‌ಗಾಡನ್ ಸೀಮೆಯಲ್ಲಿ, ಅಲ್ಮ್‌ಬಾಖ್ ಕಮರಿಯ ಬಾಯಲ್ಲಿ, 1683ರಿಂದ ನಡೆಯುತ್ತಿರುವ ಗುಂಡುಗಿರಣಿ ಇಂದಿಗೂ ಇದೆ. ಅದರ ರಚನೆ ನಮ್ಮ ಬೀಸುವ ಕಲ್ಲಿನಂತೆಯೇ. ಕೆಳಗೆ ಅಲುಗದ ಮರಳುಗಲ್ಲು. ಅದರ ಮೇಲೆ ಒಂದರೊಳಗೊಂದು ವೃತ್ತಾಕಾರದ ಗಾಡಿಗಳು, ಅಂದರೆ ಕೊರೆದ ತೋಡುಗಳು. ಮೇಲೆ ಅದೇ ಗಾಡಿಗಳುಳ್ಳ ಮರದ ತಟ್ಟೆ. ಹಳ್ಳದ ನೀರು ಬಿದ್ದಂತೆ ಮೇಲಿನ ತಟ್ಟೆ ತಿರುಗುತ್ತದೆ. ಸುತ್ತಿಗೆಯಿಂದ ಒಡೆದು ಹೆಚ್ಚುಕಡಿಮೆ ಚೌಕವಾಗಿಸಿದ ಅಮೃತಶಿಲೆಯ ತುಂಡುಗಳನ್ನು ನಡುವೆ ಹಾಕಿದರೆ ಗಾತ್ರಕ್ಕೆ ತಕ್ಕಂತೆ ಕೆಲವು ದಿನಗಳಲ್ಲಿ ಮೂಲೆಗಳೆಲ್ಲ ಸವೆದು ಗುಂಡು ಹೊರಬರುತ್ತದೆ. ಮನುಷ್ಯನ ಕೆಲಸ ತುಂಡು ಹಾಕುವುದು, ಗುಂಡು ತೆಗೆಯುವುದು, ಅಷ್ಟೆ.

ಅಕೀಕು (ಅಗೇಟ್) ಕಲ್ಲಿನ ಗೋಲಿಯ ಕಥೆ ಇಷ್ಟು ಸುಖದ್ದಲ್ಲ. ಜರ್ಮನಿಯ ಇಡಾರ್-ಓಬರ್‌ಸ್ಟೈನ್ ಊರಿನಲ್ಲಿ ನೀರಿನ ಬಲದಿಂದ ತಿರುಗುವ ಆಳೆತ್ತರದ ಸಾಣೆಗಲ್ಲಿನ ಮುಂದೆ, ಮರದ ಗಟ್ಟಿಯೊಂದರ ಮೇಲೆ ಬೋರಲು ಮಲಗಿ, ಕಾಲನ್ನು ಹಿಂದೆ ಊರಿ, ಮೈಭಾರವನ್ನೆಲ್ಲ ಕಲ್ಲಿನ ಮೇಲೆ ಹಾಕಿ ಕೆಲಸಗಾರರು ಅಕೀಕನ್ನು ಅರೆಯುತ್ತಿದ್ದರು. ದಿನವಿಡೀ ಅದೇ ಭಂಗಿ, ಮೂಗಿನ ಮುಂದೆ ಅದೇ ಕಲ್ಲಿನ ದೂಳು. ಯುರೋಪಿನ ಸಿರಿವಂತ ಮಕ್ಕಳ ಕೈಯ ಹೊಳಪಿನ ಅಕೀಕು ಗೋಲಿಗಳು ಅಲ್ಲಿಂದ ಬಂದವು. ಸಂಗ್ರಾಹಕರು ಇವತ್ತು ಅವಕ್ಕೆ ಕೊಡುವ ಬೆಲೆಯ ಬಗ್ಗೆ ಸಾಕಷ್ಟು ಬರೆಯುತ್ತಾರೆ. ಆ ಮಲಗಿದ ಮೈಗಳ ಬಗ್ಗೆ ಬರೆದವರು ಕಡಿಮೆ.

ಗಾಜಿಗೆ ಬರೋಣ. ತ್ಯೂರಿಂಗಿಯಾದ ಲೌಶಾ ಊರಿನ ಗಾಜಿನ ಕುಲುಮೆ 1597ರದ್ದು. ಕ್ರಿಸ್‌ಮಸ್ ಗಿಡಕ್ಕೆ ತೂಗುಹಾಕುವ ಗಾಜಿನ ಗುಂಡುಗಳಿಗೂ ಕೃತಕ ಕಣ್ಣುಗಳಿಗೂ ಹೆಸರಾದ ಊರು ಅದು. 19ನೇ ಶತಮಾನದ ನಡುವಿನಲ್ಲಿ ಅಲ್ಲಿನ ಗ್ರೈನರ್ ಮನೆತನದವನೊಬ್ಬ ಗೋಲಿ ಕತ್ತರಿ ಎಂಬ ಸಲಕರಣೆ ಮಾಡಿದ: ಒಂದು ತುದಿಯಲ್ಲಿ ಚಿಕ್ಕ ಬಟ್ಟಲು, ಅದಕ್ಕೆ ಹೊಂದಿಕೊಂಡ ಅಲಗು. ಬಣ್ಣದ ಗಾಜಿನ ಎಳೆಗಳನ್ನು ತಿಳಿ ಗಾಜಿನೊಂದಿಗೆ ಸೇರಿಸಿ ಎಳೆದ ಉದ್ದನೆಯ ಕೋಲಿನ ತುದಿಯನ್ನು ಕೆಂಪಗೆ ಕಾಯಿಸಿ, ಬಟ್ಟಲಿನಲ್ಲಿಟ್ಟು ತಿರುಚಿ, ಕತ್ತರಿಸಿ ಬೀಳಿಸುವುದು. ತಿರುಚಿದ್ದರಿಂದಲೇ ಒಳಗಿನ ಬಣ್ಣದ ಎಳೆ ಸುರುಳಿಯಾಗುತ್ತದೆ. ಗೋಲಿಯೊಳಗೆ ಬಣ್ಣ ಹೇಗೆ ಹೋಯಿತು ಎಂದು ಮಕ್ಕಳು ಕೇಳುವುದುಂಟು. ಅದು ಆಮೇಲೆ ಹೋದದ್ದಲ್ಲ, ಬಣ್ಣವೂ ಗಾಜೇ, ಮೊದಲಿನಿಂದಲೂ ಒಳಗೇ ಇತ್ತು. ಹೀಗೆ ಕೈಯಲ್ಲಿ ಮಾಡಿದ ಗೋಲಿಯನ್ನು ಗುರುತಿಸುವುದು ಸುಲಭ. ಕೋಲಿನಿಂದ ಕತ್ತರಿಸಿದ ಜಾಗದಲ್ಲಿ ತುಸು ಒರಟಾದ ಕಲೆ ಉಳಿಯುತ್ತದೆ, ಬೆರಳಿಗೆ ತಾಗುತ್ತದೆ. ಯಂತ್ರದ ಗೋಲಿಯಲ್ಲಿ ಆ ಕಲೆ ಇರುವುದಿಲ್ಲ.

ಯಂತ್ರ ಬಂದದ್ದು ಅಮೆರಿಕದ ಆಕ್ರನ್ ಊರಿನಲ್ಲಿ, ಅದೂ ಮೊದಲು ಮಣ್ಣಿನ ಗೋಲಿಗೆ. 1884ರಲ್ಲಿ ಸ್ಯಾಮ್ಯುಯೆಲ್ ಡೈಕ್ ಎಂಬಾತ ಜೇಡಿಮಣ್ಣಿನ ಗೋಲಿಯನ್ನು ರಾಶಿಗಟ್ಟಲೆ ತಯಾರಿಸಲು ತೊಡಗಿದ. ಬಿಡಿಕಾಸಿಗೆ ಹಿಡಿತುಂಬ ಗೋಲಿ ಸಿಗುವಂತಾದಾಗ ಮೊದಲ ಬಾರಿಗೆ ಬಡವರ ಮಕ್ಕಳೂ ಆಟಿಕೆ ಕೊಳ್ಳುವ ಗಿರಾಕಿಗಳಾದರು. ಆಟಿಕೆ ಉದ್ಯಮದ ಇತಿಹಾಸ ಬರೆಯುವವರು ಇದಕ್ಕೆ ಇನ್ನೂ ಹೆಚ್ಚು ಪುಟ ಕೊಡಬೇಕಿತ್ತು ಎಂದು ನನಗನಿಸುತ್ತದೆ. ಅದೇ ಊರಿನ, ಡೆನ್ಮಾರ್ಕ್ ಮೂಲದ ಮಾರ್ಟಿನ್ ಕ್ರಿಸ್ಟೆನ್ಸನ್ 1905ರಲ್ಲಿ ಗಾಜಿನ ಗುಂಡು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಕುಲುಮೆಯಿಂದ ಗಾಜನ್ನು ಸಲಾಕೆಯಲ್ಲಿ ಸುತ್ತಿ ತೆಗೆಯುವ ಕೆಲಸ ಆಗಿನ್ನೂ ಮನುಷ್ಯನದೇ. ಕಾಲಕ್ರಮದಲ್ಲಿ ಅದೂ ಯಂತ್ರದ ಪಾಲಾಯಿತು.

ಇವತ್ತಿನ ಕಾರ್ಖಾನೆಯಲ್ಲಿ ಮರಳು, ಸೋಡಾ, ಸುಣ್ಣ, ಒಡೆದ ಹಳೆ ಗಾಜು ಇವೆಲ್ಲ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟ ಶಾಖದಲ್ಲಿ ಕರಗಿ ಧಾರೆಯಾಗಿ ಇಳಿಯುತ್ತವೆ. ಬೇರೆ ಪಾತ್ರೆಯಲ್ಲಿ ಕರಗಿದ ಬಣ್ಣದ ಗಾಜನ್ನು ಆ ಧಾರೆಯೊಳಕ್ಕೇ ಬಿಡುತ್ತಾರೆ. ಕತ್ತರಿ ಆ ಧಾರೆಯನ್ನು ತುಂಡು ತುಂಡಾಗಿ ಕತ್ತರಿಸಿ ಬೀಳಿಸುತ್ತದೆ. ಬಿದ್ದ ತುಂಡು ಸುರುಳಿ ಗಾಡಿಯುಳ್ಳ ಎರಡು ಉರುಳೆಗಳ ಸಂದಿನಲ್ಲಿ ಕೂರುತ್ತದೆ. ಎರಡೂ ಉರುಳೆ ಒಂದೇ ದಿಕ್ಕಿಗೆ ತಿರುಗುವುದರಿಂದ ಗಾಜು ಬೀಳದೆ, ನಿಲ್ಲದೆ ಎಲ್ಲ ಮಗ್ಗುಲಿಗೂ ಹೊರಳುತ್ತ ಮುಂದೆ ಸಾಗುತ್ತದೆ. ಆ ತುದಿ ಸೇರುವಷ್ಟರಲ್ಲಿ ಗುಂಡಗೂ ಆಗಿದೆ, ಗಟ್ಟಿಯೂ ಆಗಿದೆ. ತಟ್ಟನೆ ಆರಿದರೆ ಒಳಗೊಂದು ಬಿಗಿ, ಹೊರಗೊಂದು ಬಿಗಿ ಉಳಿದು ಸೀಳುತ್ತದೆ. ಅದಕ್ಕೇ ನಿಧಾನವಾಗಿ ತಣಿಸುತ್ತಾರೆ. ಗೋಲಿಯನ್ನು ಕಾಯಿಸಿ ತಣ್ಣೀರಿಗೆ ಹಾಕಿದರೆ ಹೊರಗೆ ನುಣುಪಾಗಿದ್ದೂ ಒಳಗೆಲ್ಲ ಬಿರುಕು ಬಿಟ್ಟು ಮಿನುಗುವುದಕ್ಕೆ ಕಾರಣವೂ ಇದೇ ಬಿಗಿ.

ಮೊದಲ ಮಹಾಯುದ್ಧ ಜರ್ಮನಿಯ ಸರಕನ್ನು ತಡೆಯಿತು. ಜಾಗ ಖಾಲಿಯಾಯಿತು, ಅಮೆರಿಕದವರು ತುಂಬಿದರು. ಆಕ್ರೊ ಆಗೇಟ್ ಕಂಪನಿ 1914ರಲ್ಲಿ ಆಕ್ರನ್ ಬಿಟ್ಟು ಪಶ್ಚಿಮ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗಿಗೆ ಹೋದದ್ದು ಒಳ್ಳೆಯ ಮರಳು ಮತ್ತು ಅಗ್ಗದ ನೈಸರ್ಗಿಕ ಅನಿಲಕ್ಕಾಗಿ. ಮುಂದೆ ಅಮೆರಿಕದ ಗೋಲಿ ಉದ್ಯಮ ಬಹುಮಟ್ಟಿಗೆ ಆ ರಾಜ್ಯದಲ್ಲೇ ಬೀಡುಬಿಟ್ಟಿತು. ಎರಡನೆಯ ಮಹಾಯುದ್ಧದ ನಂತರ ಜಪಾನ್, ಒಳಗೆ ಎಸಳಿನಂಥ ಬಣ್ಣವಿರುವ ಬೆಕ್ಕಿನ ಕಣ್ಣಿನ ಗೋಲಿಗಳನ್ನು ಕಳಿಸಿ ಅವರ ಬೆಲೆಯನ್ನೇ ಮುರಿಯಿತು. ಅಮೆರಿಕದವರು ಸೋತು, ಕೊನೆಗೆ ಅದೇ ಮಾದರಿಯನ್ನು ತಾವೂ ಮಾಡಲು ಕಲಿತರು. ಈಗ ಜಗತ್ತಿನ ದೊಡ್ಡ ತಯಾರಕರಲ್ಲಿ ಮುಂಚೂಣಿಯಲ್ಲಿರುವ ವಾಕೋರ್ ಇರುವುದು ಮೆಕ್ಸಿಕೊದ ಗ್ವಾಡಲಹಾರದಲ್ಲಿ.

ಆಡಿದ ಗಾಜಿನ ಗೋಲಿಯನ್ನು ಬೆಳಕಿಗೆ ಹಿಡಿದರೆ ಮೈಮೇಲೆ ಅರ್ಧಚಂದ್ರಾಕಾರದ ಸಣ್ಣ ಗಾಯಗಳು ಕಾಣುತ್ತವೆ. ಎರಡು ಗೋಲಿಗಳು ಡಿಕ್ಕಿಯಾದಾಗ ಒತ್ತಡವೆಲ್ಲ ಸಾಸಿವೆ ಕಾಳಿಗಿಂತ ಕಿರಿದಾದ ಜಾಗದಲ್ಲಿ ಕೂರುತ್ತದೆ. ಆ ಜಾಗದ ಅಂಚಿನಲ್ಲಿ ಗಾಜು ಹಿಗ್ಗಿ, ಉಂಗುರದಂತೆ ಬಿರಿದು, ಒಳಕ್ಕೆ ಶಂಕುವಾಗಿ ಸೀಳುತ್ತದೆ. ಗುಂಡು ವಸ್ತುಗಳು ತಾಗಿದಾಗ ಒತ್ತಡ ಹೇಗೆ ಹಂಚಿಕೆಯಾಗುತ್ತದೆ ಎಂಬ ಲೆಕ್ಕವನ್ನು ಹೈನ್ರಿಕ್ ಹರ್ಟ್ಜ್ 1882ರಲ್ಲಿ ಪ್ರಕಟಿಸಿದ. ರೇಡಿಯೊ ತರಂಗಗಳಿಂದ ಹೆಸರಾದ ಹರ್ಟ್ಜನೇ ಇವನು. ಸಂಗ್ರಾಹಕರಿಗೆ ಈ ಗಾಯ ಬೆಲೆ ಇಳಿಸುವ ಕೊರತೆ, ಕೆಲವರು ಅದನ್ನು ಉಜ್ಜಿ ಅಳಿಸುತ್ತಾರೆ. ಇತಿಹಾಸಕಾರನಿಗೆ ಅದೇ ಪುರಾವೆ: ಪೆಟ್ಟಿಗೆಯಲ್ಲೇ ಉಳಿದ ಗೋಲಿ ಯಾವುದು, ಬೀದಿಗಿಳಿದದ್ದು ಯಾವುದು ಎಂದು ಹೇಳಲು ಅದಕ್ಕಿಂತ ಗಟ್ಟಿ ಗುರುತು ಬೇರೆ ಇಲ್ಲ.

ಸೋಡಾ ಬಾಟಲಿಯ ಗೋಲಿ

ನಮ್ಮೂರುಗಳಲ್ಲಿ ಗಾಜಿನ ಗೋಲಿಯ ಪರಿಚಯಕ್ಕೆ ಆಟಿಕೆ ಅಂಗಡಿಯಷ್ಟೇ ಸೋಡಾ ಅಂಗಡಿಯೂ ಕಾರಣ. ಅಲ್ಲಿನ ಗೋಲಿ ಸೋಡಾದ ಬಾಟಲಿ ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ಪೇಟೆಂಟ್ ಮಾಡಿಸಿದ್ದು. ಕತ್ತಿನೊಳಗೆ ಒಂದು ಗೋಲಿ, ಬಾಯಿಯ ಒಳಗೆ ರಬ್ಬರ್ ಬಳೆ. ಬಾಟಲಿಯನ್ನು ತಲೆಕೆಳಗು ಮಾಡಿ ಅನಿಲ ತುಂಬಿದರೆ ಗೋಲಿ ಬಾಯಿಗೆ ಬಂದು ಕೂರುತ್ತದೆ. ನೆಟ್ಟಗೆ ನಿಲ್ಲಿಸಿದರೂ ಒಳಗಿನ ಅನಿಲ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಮುಚ್ಚಳ ಬೇಡ, ಬಿರಡೆ ಬೇಡ. ಹೆಬ್ಬೆರಳಿನಲ್ಲೋ ಮರದ ಒತ್ತುಗುಬ್ಬಿಯಲ್ಲೋ ಒತ್ತಿದರೆ ಗೋಲಿ ಕೆಳಗಿಳಿದು ಕತ್ತಿನ ಇಕ್ಕಟ್ಟಿನಲ್ಲಿ ನಿಲ್ಲುತ್ತದೆ. ಬಗ್ಗಿಸಿದಾಗ ಅದು ಮತ್ತೆ ಬಾಯಿಗೆ ಅಡ್ಡ ಬಾರದಂತೆ ಕತ್ತಿನ ಒಂದು ಮಗ್ಗುಲಲ್ಲಿ ಎರಡು ತಗ್ಗುಗಳಿವೆ. ಗಾಜು ಇನ್ನೂ ಬಿಸಿಯಿರುವಾಗ ಗೋಲಿ ಒಳಗೆ ಹಾಕಿ ಆಮೇಲೆ ಬಾಯಿ ಕಿರಿದು ಮಾಡುವುದರಿಂದ ಬಾಟಲಿ ಒಡೆಯದೆ ಗೋಲಿ ಸಿಗದು. ಹುಡುಗರು ಅದಕ್ಕೂ ಹೇಸಲಿಲ್ಲ, ಇಂಗ್ಲೆಂಡಿನಲ್ಲೂ ಇಲ್ಲಿಯೂ.

1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಮುಚ್ಚಳ ತಂದ ಮೇಲೆ ಪಶ್ಚಿಮದಲ್ಲಿ ಈ ಬಾಟಲಿ ಕ್ರಮೇಣ ಮೂಲೆ ಸೇರಿತು. ಜಪಾನಿನಲ್ಲಿ ‘ರಾಮುನೆ’ ಎಂಬ ಪಾನೀಯದಲ್ಲಿ, ನಮ್ಮಲ್ಲಿ ಗೋಲಿ ಸೋಡಾದಲ್ಲಿ ಉಳಿಯಿತು. ಉಳಿದದ್ದು ಹಳೆಯದರ ಮೇಲಿನ ಮೋಹಕ್ಕಲ್ಲ. ತಗಡಿನ ಮುಚ್ಚಳ ಒಂದು ಸಲ ತೆಗೆದರೆ ಮುಗಿಯಿತು, ಗೋಲಿ ಬಾಟಲಿಯನ್ನು ತೊಳೆದು ಮತ್ತೆ ತುಂಬಬಹುದು. ಕೈಯಲ್ಲಿ ತಿರುಗಿಸುವ ಯಂತ್ರವೊಂದಿದ್ದ ಸಂತೆಬೀದಿಯ ಸೋಡಾದವನಿಗೆ ಆ ಲೆಕ್ಕವೇ ಮುಖ್ಯವಾಗಿತ್ತು. ಅಂದಹಾಗೆ, ಇವತ್ತೂ ಎಲ್ಲ ಗೋಲಿಯೂ ಆಟಕ್ಕೆ ಹೋಗುವುದಿಲ್ಲ. ಗಾಜಿನ ನಾರು ತಯಾರಿಸುವ ಒಂದು ವಿಧಾನದಲ್ಲಿ ಗಾಜನ್ನು ಮೊದಲು ಗೋಲಿ ಮಾಡಿಕೊಂಡು, ಪರೀಕ್ಷಿಸಿ, ಮತ್ತೆ ಕರಗಿಸಿ ಎಳೆ ತೆಗೆಯುತ್ತಾರೆ. ಸ್ಪ್ರೇ ಬಣ್ಣದ ಡಬ್ಬಿ ಅಲುಗಿಸಿದಾಗ ಕಟಕಟ ಎನ್ನುವುದು ಎಷ್ಟೋ ಸಲ ಗಾಜಿನ ಗೋಲಿಯೇ.

ಬೆರಳು, ಗೆರೆ, ಕಟ್ಟಳೆ

ವಸ್ತು ಇಷ್ಟು ಬದಲಾದರೂ ಆಟದ ಅಸ್ತಿಭಾರ ಬದಲಾಗಿಲ್ಲ: ಗೆರೆ, ಗುಳಿ, ಗುರಿ. ಹೊಡೆಯುವ ಬಗೆಯಲ್ಲಿ ಮಾತ್ರ ಊರಿಗೂ ಊರಿಗೂ ಅಂತರ. ಇಂಗ್ಲೆಂಡ್, ಅಮೆರಿಕದ ಹುಡುಗ ಗೆಣ್ಣು ನೆಲಕ್ಕೆ ಊರಿ, ಮಡಿಸಿದ ತೋರುಬೆರಳಿನ ಮೇಲೆ ಗೋಲಿ ಇಟ್ಟು ಹೆಬ್ಬೆರಳಿನಿಂದ ಚಿಮ್ಮುತ್ತಾನೆ. ನಮ್ಮ ಹುಡುಗ ಎಡಗೈಯ ಹೆಬ್ಬೆರಳನ್ನು ನೆಲಕ್ಕೆ ಊರಿ, ನಡುಬೆರಳಿನ ತುದಿಗೆ ಗೋಲಿ ಒತ್ತಿ, ಬಲಗೈಯಿಂದ ಆ ಬೆರಳನ್ನು ಹಿಂದಕ್ಕೆ ಬಾಗಿಸಿ ಬಿಡುತ್ತಾನೆ. ಒಂದು ಕಣ್ಣು ಮುಚ್ಚಿ, ಬೆರಳು ಗುರಿ ಎರಡನ್ನೂ ಒಂದೇ ಸಾಲಿಗೆ ತರಲು ಈ ಬಗೆಯಲ್ಲಿ ಅನುಕೂಲ ಹೆಚ್ಚು. ಸೋತವನಿಗೆ ಶಿಕ್ಷೆಯೂ ಉಂಟು: ಗುಳಿಯ ಬಳಿ ಮುಷ್ಟಿ ಹಿಡಿದಿಟ್ಟು ಗೆಣ್ಣಿಗೆ ಗೋಲಿ ಹೊಡೆಸಿಕೊಳ್ಳಬೇಕು, ಇಲ್ಲವೇ ಮೊಣಕೈಯಲ್ಲಿ ಗೋಲಿ ನೂಕಿಕೊಂಡು ಗುಳಿ ಮುಟ್ಟಿಸಬೇಕು.

ಇಂಗ್ಲೆಂಡಿನ ಟಿನ್ಸ್ಲಿ ಗ್ರೀನ್ ಹಳ್ಳಿಯಲ್ಲಿ ಗುಡ್ ಫ್ರೈಡೇ ದಿನ ನಡೆಯುವ ಪಂದ್ಯದಲ್ಲಿ ಆರು ಅಡಿ ಅಗಲದ ವೃತ್ತ, ಅದರೊಳಗೆ 49 ಗೋಲಿ, ತಂಡಕ್ಕೆ ಆರು ಜನ. ಮೊದಲು 25 ಗೋಲಿ ಹೊರಹಾಕಿದವರು ಗೆದ್ದಂತೆ. 1588ರಲ್ಲಿ ಒಬ್ಬಳೇ ಹುಡುಗಿಗಾಗಿ ಇಬ್ಬರು ಯುವಕರು ಪೈಪೋಟಿಗಿಳಿದು ಕೊನೆಗೆ ಗೋಲಿಯಾಟದಲ್ಲಿ ತೀರ್ಮಾನ ಮಾಡಿಕೊಂಡರೆಂಬ ಐತಿಹ್ಯ ಅಲ್ಲಿದೆ. ಕಥೆ ರಸವತ್ತಾಗಿದೆ, ಈಗಿನ ಪಂದ್ಯಾವಳಿ ಶುರುವಾದದ್ದು ಮಾತ್ರ 1932ರಲ್ಲಿ. ಅಮೆರಿಕದ ವೈಲ್ಡ್‌ವುಡ್‌ನಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯದ ಲೆಕ್ಕ ಬೇರೆ: ಹತ್ತು ಅಡಿ ವೃತ್ತ, ಅಡ್ಡಗೆರೆ ನೆಟ್ಟಗೆರೆಯಾಗಿ ಜೋಡಿಸಿದ 13 ಗೋಲಿ, ಏಳು ಹೊಡೆದವನಿಗೆ ಗೆಲುವು.

ಗೋಲಿಯನ್ನು ಗಂಭೀರ ಅಧ್ಯಯನಕ್ಕೆ ಎತ್ತಿಕೊಂಡವನು ಮನೋವಿಜ್ಞಾನಿ ಜ್ಯಾಂ ಪಿಯಾಜೆ. 1932ರಲ್ಲಿ ಬಂದ, ಮಕ್ಕಳ ನೈತಿಕ ತೀರ್ಮಾನದ ಬಗೆಗಿನ ಅವನ ಪುಸ್ತಕದ ಮೊದಲ ಭಾಗದ ಬಹುಪಾಲು ಗೋಲಿಯಾಟವೇ. ಜಿನೀವಾ, ನ್ಯೂಶಾಟೆಲ್‌ಗಳ ಹುಡುಗರ ಜೊತೆ ತಾನೂ ಕೂತು, ನನಗೆ ಆಟ ಮರೆತುಹೋಗಿದೆ, ಕಲಿಸಿಕೊಡಿ ಎಂದು ಕೇಳುವುದು ಅವನ ವಿಧಾನ. ಗೋಲಿಯನ್ನೇ ಆರಿಸಿಕೊಳ್ಳಲು ಕಾರಣವಿತ್ತು: ಈ ಆಟದ ಕಟ್ಟಳೆಗಳನ್ನು ದೊಡ್ಡವರು ಕಲಿಸುವುದಿಲ್ಲ, ಹುಡುಗರಿಂದ ಹುಡುಗರಿಗೆ ಬರುತ್ತವೆ. ಸಿಕ್ಕ ಉತ್ತರಗಳಲ್ಲಿ ಒಂದು ವಿಚಿತ್ರವಿತ್ತು. ಚಿಕ್ಕ ಮಕ್ಕಳು ಕಟ್ಟಳೆ ಹಿರಿಯರಿಂದಲೋ ದೇವರಿಂದಲೋ ಬಂದದ್ದು, ಅದನ್ನು ಮುಟ್ಟಕೂಡದು ಎನ್ನುತ್ತಿದ್ದರು, ಆಡುವಾಗ ಮಾತ್ರ ಮನಸ್ಸಿಗೆ ಬಂದಂತೆ ಆಡುತ್ತಿದ್ದರು. ಹನ್ನೊಂದು ಹನ್ನೆರಡರ ಹುಡುಗರು ಎಲ್ಲರೂ ಒಪ್ಪಿದರೆ ಕಟ್ಟಳೆ ಬದಲಿಸಬಹುದು ಎನ್ನುತ್ತಿದ್ದರು, ಆದರೆ ಒಪ್ಪಿದ ಕಟ್ಟಳೆಯನ್ನು ಅಚ್ಚುಕಟ್ಟಾಗಿ ಪಾಲಿಸುತ್ತಿದ್ದರು.

ಹುಡುಗಿಯರ ಬಗ್ಗೆ ಪಿಯಾಜೆ ಆಡಿದ ಮಾತು ಅಷ್ಟು ಗಟ್ಟಿಯಲ್ಲ. ಅವರ ಆಟಗಳಲ್ಲಿ ಗೋಲಿಯಷ್ಟು ಸಂಕೀರ್ಣವಾದ ಕಟ್ಟಳೆ ವ್ಯವಸ್ಥೆ ತನಗೆ ಕಾಣಲಿಲ್ಲ ಎಂದ. ಮನೋವಿಜ್ಞಾನಿ ಕ್ಯಾರಲ್ ಗಿಲಿಗನ್ 1982ರಲ್ಲಿ ಈ ಧಾಟಿಯನ್ನೇ ಪ್ರಶ್ನಿಸಿದರು: ಹುಡುಗರನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಹುಡುಗಿಯರಲ್ಲಿ ಕೊರತೆಯೇ ಕಾಣುತ್ತದೆ. ತುಳುನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಹೊರತೆಗೆಯುವ ಚೆನ್ನೆಮಣೆಯನ್ನು ನೋಡಿದ್ದರೆ ಪಿಯಾಜೆಯ ಆ ವಾಕ್ಯ ಹಾಗೆ ಉಳಿಯುತ್ತಿರಲಿಲ್ಲ. ಎರಡು ಸಾಲಿನಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ, ಎಷ್ಟು ಸಿಗುತ್ತದೆ ಎಂಬುದನ್ನು ಮನಸ್ಸಿನಲ್ಲೇ ಎಣಿಸಿ ಕೈ ಹಾಕಬೇಕು. ಅಲ್ಲಿ ಕೂತು ಆಡುವವರು ಹೆಚ್ಚಾಗಿ ಹೆಂಗಸರು, ಹುಡುಗಿಯರು. ಕಟ್ಟಳೆ ತಪ್ಪಿದರೆ ಎದುರಿಗಿದ್ದ ಅಜ್ಜಿ ಕೈ ಹಿಡಿದು ನಿಲ್ಲಿಸುತ್ತಾಳೆ.